ಸಾಲೊಟಗಿಯ ಶಾಸನವೂ ದೇಶಾಂತರದ ವಿದ್ಯಾರ್ಥಿಗಳೂ

ಸ್ವಸ್ಥಾನವನ್ನು ಬಿಟ್ಟು ದೂರದ ವಿದ್ಯಾಸ್ಥಾನದಲ್ಲಿ ಉಚ್ಚಶಾಸ್ತ್ರಗಳನ್ನು ಅಭ್ಯಸಿಸುವ ಪದ್ಧತಿಯು ಕರ್ಣಾಟಕಕ್ಕೆ ಹೊಸದಲ್ಲ. ಕದಂಬವಂಶದ ಮಯೂರಶರ್ಮನು ಗುರುವಾದ ವೀರಶರ್ಮನೊಡನೆ ಪಲ್ಲವರ ಕಾಂಚಿಗೆ ಹೋಗಿ ಅಲ್ಲಿಯ ಘಟಿಕೆಯನ್ನು ಪ್ರವೇಶಿಸಿದನೆಂದು ತಾಳಗುಂದದ ಸ್ತಂಭಶಾಸನದಿಂದ ವಿದಿತವಾಗುತ್ತದೆ. ಪಲ್ಲವರ ರಾವುತನೊಬ್ಬನೊಡನೆ ಒದಗಿದ ಕಲಹದಿಂದ ಕುಪಿತನಾಗಿ ಆತನು ಅಧ್ಯಯನವನ್ನು ತೊರೆದು ಖಡ್ಗವನ್ನು ಹಿಡಿದನು. ವಿದ್ಯಾಸ್ಥಾನದ ಕೀರ್ತಿಯು ಅನ್ಯದೇಶದವನನ್ನು ಕರೆತರಬಲ್ಲುದು. ಅವನನ್ನು ಉಳಿಸಿಕೊಳ್ಳುವುದಕ್ಕೆ ಅದೊಂದೇ ಸಾಲದು.

ಉಳಿಸಿಕೊಳ್ಳುವ ಕ್ರಮವೆಂತಹುದೆಂಬುದನ್ನು ವಿಜಯಪುರ ಜಿಲ್ಲೆಯ ಇಂಡಿ ತಾಲ್ಲೂಕಿನ ಸಾಲೊಟಗಿಯ ಶಾಸನವು ತಿಳಿಸುತ್ತದೆ. ಇದರ ಕಾಲವು ಶಕ 867, ಎಂದರೆ ಕ್ರಿ. ಶ. 945. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿಯಾದ ನಾರಾಯಣನು ಇಲ್ಲಿ ಶಾಲೆಯೊಂದನ್ನು ಕಟ್ಟಿಸಿದನು. ನಾನಾ ಜನಪದಗಳ ವಿದ್ಯಾರ್ಥಿಗಳು ಬಂದು ನೆರೆದರು. ಅವರಿಗಾಗಿ 27 ನಿವೇಶನಗಳೂ 500 ನಿವರ್ತನ ಭೂಮಿಯೂ ದತ್ತವಾದುವು. ದೀಪಕ್ಕೆ 12 ನಿವರ್ತನಗಳೂ ಉಪಾಧ್ಯಾಯನಿಗೆ 50 ನಿವರ್ತನಗಳೂ ಬೇರೆಯಾಗಿ ವಿಹಿತವಾದುವು. ದಾತೃವಿನ ಮರಣದೊಡನೆ ದಾನವು ನಿಲ್ಲಬಹುದು; ಭೂಮಿಯ ಫಲವು ವರ್ಷವರ್ಷವೂ ಬರುವುದು. ಅನ್ನ, ವಸತಿ, ರಾತ್ರಿಯ ಪಠನಕ್ಕೆ ಬೆಳಕು ಎಂಬ ಮೂರಕ್ಕೂ ಹೀಗೆ ಶಾಶ್ವತವಾದ ಆಧಾರವು ಏರ್ಪಟ್ಟಿತು.

ಶಾಸನದ ಇನ್ನೊಂದು ವಿಧಿಯು ವಿಶೇಷವಾಗಿ ಪರ್ಯಾಲೋಚನಾರ್ಹವಾಗಿದೆ. ಊರಿನವರು ವಿವಾಹದಲ್ಲಿ ಐದು ನಾಣ್ಯಗಳನ್ನೂ, ಉಪನಯನದಲ್ಲಿ ಅದರ ಅರ್ಧವನ್ನೂ, ಚೌಲದಲ್ಲಿ ಆ ಅರ್ಧದ ಅರ್ಧವನ್ನೂ ಕೊಡತಕ್ಕದ್ದು. ಸಂತರ್ಪಣೆಯಾದಾಗ ಶಾಲೆಯ ಪರಿಷತ್ತಿಗೂ ಯಥಾಶಕ್ತಿ ಭೋಜನವನ್ನು ಮಾಡಿಸತಕ್ಕದ್ದು. ಭೂದಾನದಿಂದ ವಿದ್ಯಾರ್ಥಿಯ ಉದರಪೋಷಣೆಯಾಯಿತು. ಈ ವಿಧಿಯಿಂದ ಅವನು ಊರಿನ ಶುಭಕಾರ್ಯಗಳಲ್ಲಿ ಭಾಗಿಯಾದನು. ಕಾಂಚಿಯಲ್ಲಿ ಮಯೂರಶರ್ಮನಿಗೆ ದೊರೆಯದಿದ್ದುದು ಇಂತಹ ಆತ್ಮೀಯತೆಯೇ ಎಂದು ಊಹಿಸಬಹುದು.

ಪಶ್ಚಿಮ ಬೆಂಗಳೂರಿನ ಕೆಂಗೇರಿಗೆ ಸಮೀಪವಾದ ಜ್ಞಾನಭಾರತಿಯಲ್ಲಿ, 1964ರಲ್ಲಿ ಸ್ಥಾಪಿತವಾದ ಬೆಂಗಳೂರು ವಿಶ್ವವಿದ್ಯಾಲಯದ ಸ್ನಾತಕೋತ್ತರ ವಿಭಾಗಗಳಿವೆ. 1950ರಲ್ಲಿ ಹುಟ್ಟಿದ ಭಾರತೀಯ ಸಾಂಸ್ಕೃತಿಕ ಸಂಬಂಧಗಳ ಪರಿಷತ್ತು ವಿದೇಶೀಯ ವಿದ್ಯಾರ್ಥಿಗಳಿಗೆ ಬೋಧನಶುಲ್ಕವನ್ನೂ ಮಾಸಿಕ ವೇತನವನ್ನೂ ವಸತಿಯ ಭತ್ಯವನ್ನೂ ಕೊಡುತ್ತದೆ. ಸಾಲೊಟಗಿಯ ಹೊಲಕ್ಕೂ ನಿವೇಶನಕ್ಕೂ ಇವು ಪ್ರತಿನಿಧಿಗಳು. ಮದುವೆಯ ನಾಣ್ಯಕ್ಕೆ ಪ್ರತಿನಿಧಿಯಾದುದನ್ನು ಯಾವ ಸರ್ಕಾರವೂ ಕೊಡಲಾರದು. ಅದನ್ನು ಕೊಡತಕ್ಕವರು ವಿಜಯನಗರ, ರಾಜಾಜಿನಗರಗಳ ಗೃಹಸ್ಥರು: ಸಂಕೋಚವಿಲ್ಲದೆ ಬಾಡಿಗೆಗೆ ಕೊಡುವ ಕೊಠಡಿ, ಹಬ್ಬದ ದಿನ ಹಾಕುವ ಒಂದು ಎಲೆ.