ಮಾರಿದವನ ತಪ್ಪಿಗೆ ಕೊಂಡವನಿಗೆ ದಂಡವೇ?

ಸರಕಾರದ ಬೊಕ್ಕಸಕ್ಕೆ ಸಲ್ಲಬೇಕಾದ ತೆರಿಗೆಯನ್ನು ನುಂಗುವವನು ಪ್ರಜೆಗಳ ಅನ್ನವನ್ನೇ ಕದಿಯುತ್ತಾನೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಸರಕು ಲಾರಿಯನ್ನೇ ಏರದೆ, ಬರಿಯ ಬಿಲ್ಲಿನ ಕಾಗದವು ಕೈಯಿಂದ ಕೈಗೆ ದಾಟಿ, ಅದರ ಬಲದಿಂದ ಹೂಡುವಳಿ ತೆರಿಗೆಯ ಜಮೆಯನ್ನು ಪಡೆಯುವ ವಂಚಕರಿಗೆ ಆ ಜಮೆಯನ್ನು ನಿರಾಕರಿಸುವುದು ನ್ಯಾಯವೇ ಸರಿ. ಆದರೆ ಅದೇ ಬಲೆಯಲ್ಲಿ ಸಾಚಾ ವರ್ತಕನೂ ಸಿಕ್ಕಿ ಒದ್ದಾಡುವಂತಾದರೆ ಅದನ್ನು ನ್ಯಾಯವೆನ್ನಲಾರೆವು.

ಕುಂದಗೋಳದ ಕಬ್ಬಿಣದ ಅಂಗಡಿಕಾರನೊಬ್ಬನನ್ನು ವಾಚಕರು ಊಹಿಸಿಕೊಳ್ಳಲಿ. ಅವನು ಹುಬ್ಬಳ್ಳಿಯ ಸಗಟು ವ್ಯಾಪಾರಿಯಿಂದ 1,00,000 ರೂಪಾಯಿಯ ಸಲಾಕೆ ಕೊಂಡು, ಶೇಕಡಾ 18ರಂತೆ 18,000 ರೂಪಾಯಿ ತೆರಿಗೆಯನ್ನೂ ಅವನಿಗೇ ಸಲ್ಲಿಸುತ್ತಾನೆ. ಮಾರಿದವನು ಆ ಹಣವನ್ನು ಸರಕಾರಕ್ಕೆ ಕಟ್ಟದೆ ಬಾಗಿಲಿಕ್ಕಿ ಪರಾರಿಯಾದರೆ, 2017ರ ಸರಕು ಮತ್ತು ಸೇವಾ ತೆರಿಗೆ ಕಾಯಿದೆಯ 16(2)(ಸಿ) ಕಲಮಿನ ಮೇರೆಗೆ ಕೊಂಡವನ ಜಮೆಗೂ ಸಂಚಕಾರ ಬರುತ್ತದೆ. ಒಂದೇ ತೆರಿಗೆಯನ್ನು ಎರಡು ಸಲ ತೆತ್ತು, ಮೇಲೆ ಬಡ್ಡಿಯನ್ನೂ ಕಟ್ಟಿದರೆ ಸಣ್ಣ ಅಂಗಡಿಯು ಉಳಿಯುವುದೆಂತು?

ವರ್ತಕರ ಹೊಣೆಯೂ ಸಣ್ಣದಲ್ಲ. ನಮ್ಮ ರಾಜ್ಯದ ಮೌಲ್ಯವರ್ಧಿತ ತೆರಿಗೆಗೆ ಸಂಬಂಧಪಟ್ಟ ಎಕಾಮ್ ಗಿಲ್ ಕಾಫಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2023ರ ಮಾರ್ಚ್ 13ರಂದು ಸ್ಪಷ್ಟ ತೀರ್ಪನ್ನಿತ್ತಿತು. ಬಿಲ್ಲು ಹಾಗೂ ಚೆಕ್ಕುಗಳನ್ನು ತೋರಿಸಿದರೆ ಸಾಲದು. ಸರಕು ನಿಜವಾಗಿ ಬಂದಿತೆಂಬುದನ್ನು ವಾಹನದ ವಿವರ, ಬಾಡಿಗೆಯ ಪಾವತಿ, ಸರಕು ಮುಟ್ಟಿದ ರಸೀದಿ ಮೊದಲಾದವುಗಳಿಂದ ಕೊಂಡವನೇ ಸಿದ್ಧಪಡಿಸಬೇಕೆಂಬುದು ಅದರ ತಾತ್ಪರ್ಯ. ಈ ತೀರ್ಪು ನಮಗೆ ಒಪ್ಪಿಗೆಯಾಗಿದೆ. ಸರಕು ಬಂದಿದ್ದರೆ ಅದರ ಗುರುತು ಎಲ್ಲಿಯಾದರೂ ಉಳಿದೇ ಇರುತ್ತದೆ.

ಆದರೆ ಇಷ್ಟನ್ನೂ ಸಿದ್ಧಪಡಿಸಿದವನನ್ನು ಕಾಯಿದೆಯು ಕಾಯಬೇಡವೇ? ಐರೋಪ್ಯ ನ್ಯಾಯಾಲಯವು 2006ರಲ್ಲಿಯೇ ಬೆಲ್ಜಿಯಮ್ಮಿನ ಕಿಟ್ಟೆಲ್ ಪ್ರಕರಣದಲ್ಲಿ ನ್ಯಾಯದ ಗೆರೆಯನ್ನು ಎಳೆದಿತ್ತು. ವಂಚನೆಯನ್ನು ತಿಳಿದಿದ್ದವನೂ, ತಿಳಿಯಬೇಕಾಗಿದ್ದವನೂ ಹಕ್ಕನ್ನು ಕಳೆದುಕೊಳ್ಳಬೇಕು. ತಕ್ಕ ಎಚ್ಚರಿಕೆಯಿಂದ ನಡೆದವನು ಕಳೆದುಕೊಳ್ಳಬಾರದು. ನಮ್ಮ 16(2)(ಸಿ) ಕಲಮಿನ ಮಾತುಗಳಲ್ಲಿ ಈ ವಿವೇಚನೆಯು ಕಾಣುವುದಿಲ್ಲ.

ಅಧಿಕಾರಿಗಳಿಗೂ ನಮ್ಮದೊಂದು ವಿನಂತಿಯಿದೆ. 2019ರ ಡಿಸೆಂಬರಿನಲ್ಲಿ ಬಂದ 86ಎ ನಿಯಮವು ಜಮೆಯ ಖಾತೆಗೆ ಒಂದು ವರುಷದವರೆಗೆ ತಡೆಯೊಡ್ಡುವ ಅಧಿಕಾರವನ್ನು ಅವರಿಗೆ ಕೊಟ್ಟಿದೆ. ಸಣ್ಣ ಬಂಡವಾಳದವನಿಗೆ ವರುಷವೆಂಬುದು ಯುಗವೇ ಸರಿ. ಬೇರೊಬ್ಬ ಅಧಿಕಾರಿಯ ವರದಿಯನ್ನೇ ನೆಚ್ಚಿ ತಡೆ ಹಾಕಕೂಡದು, ಮೊದಲು ವರ್ತಕನ ಅಹವಾಲನ್ನು ಕೇಳಬೇಕು ಎಂದು ಕರ್ನಾಟಕ ಉಚ್ಚ ನ್ಯಾಯಾಲಯವು 2024ರಲ್ಲಿ ತೀರ್ಮಾನಿಸಿದೆ. ಅದು ಕಡತದಲ್ಲಿ ಮಲಗದೆ ಆಚರಣೆಗೆ ಬರಬೇಕು.

ಮೊದಲು ತೆರಿಗೆ ನುಂಗಿದವನನ್ನು ಹಿಡಿಯಿರಿ, ಅವನ ಆಸ್ತಿಯಿಂದ ವಸೂಲು ಮಾಡಿರಿ. ಕೊಂಡವನು ಪಾಲುದಾರನೆಂದು ಸಿದ್ಧವಾದರೆ ಅವನಿಗೂ ದಯೆ ತೋರಬೇಡಿರಿ. ಆದರೆ ಓಡಿಹೋದವನು ಸಿಗಲಿಲ್ಲವೆಂದು, ಕೈಗೆ ಸಿಕ್ಕಿದವನನ್ನು ದಂಡಿಸುವ ರೂಢಿಯು ನಿಲ್ಲಲೇಬೇಕು. ಆ ಕಲಮಿಗೆ ತಕ್ಕ ತಿದ್ದುಪಡಿಯನ್ನು ತರಬೇಕೆಂದು ನಾವು ಸರಕಾರವನ್ನು ಒತ್ತಾಯಿಸುತ್ತೇವೆ.