ಪಡಸಾಲೆಯ ಕಚೇರಿ: ನಂಬಿದ್ದೇನು, ನಿಜವೇನು

ಮನೆಯಲ್ಲೇ ಕಚೇರಿ ಮಾಡಿಕೊಳ್ಳುವುದು 2020ರ ಲಾಕ್‌ಡೌನಿನಲ್ಲಿ ಬೆಂಗಳೂರಿನಿಂದ ಬಂದ ರೂಢಿ ಎಂದು ಹಾನಗಲ್ಲ, ಶಿಗ್ಗಾಂವಿ ಕಡೆ ಅನೇಕರು ತಿಳಿದಿದ್ದಾರೆ. ಅದು ಸರಿಯಲ್ಲ. ಹಾವೇರಿ 1997ರಲ್ಲಿ ಬೇರೆ ಜಿಲ್ಲೆಯಾಗುವ ಮುಂಚೆ ಈ ಭಾಗ ಧಾರವಾಡ ಜಿಲ್ಲೆಯಲ್ಲಿತ್ತು. ಅದಕ್ಕೂ ಹಿಂದೆ, ನವಾಬರ ಸವಣೂರು ಸಂಸ್ಥಾನವನ್ನು ಬಿಟ್ಟರೆ, ಮುಂಬಯಿ ಪ್ರಾಂತದ ಆಡಳಿತ. ಆಗ ಊರಿನ ಜಮೀನು, ಕಂದಾಯದ ಲೆಕ್ಕ ಬರೆಯುತ್ತಿದ್ದವರು ಕುಲಕರ್ಣಿಗಳು. ಜನ ಸೇರಲು ಚಾವಡಿ ಇತ್ತು, ಆದರೆ ದಫ್ತರ ಬಹಳ ಊರುಗಳಲ್ಲಿ ಕುಲಕರ್ಣಿಯ ಮನೆಯಲ್ಲೇ ಇರುತ್ತಿತ್ತು. 1950ರ ಕಾಯ್ದೆಯಿಂದ ಕುಲಕರ್ಣಿ ವತನ ರದ್ದಾಯಿತು. ಮನೆಯೂ ಕಚೇರಿಯೂ ಒಂದೇ ಸೂರಿನಡಿ ಇದ್ದ ಕಾಲ ನಮ್ಮಿಂದ ಅಷ್ಟೇನೂ ದೂರದ್ದಲ್ಲ.

ಅದೇ ನೆನಪಿನಿಂದ ಒಂದು ತಪ್ಪು ತಿಳಿವಳಿಕೆಯೂ ಹುಟ್ಟಿದೆ. ‘ಹಿರಿಯರು ನೆಲದ ಮ್ಯಾಲೆ ಕುಂತು ಜೀವಮಾನವೆಲ್ಲಾ ಬರದರು, ನಮಗ್ಯಾಕ ಬೇಕು ಕುರ್ಚಿ?’ ಎನ್ನುತ್ತಾರೆ. ಹಿರಿಯರ ಮುಂದೆ ಇಳಿಜಾರು ಹಲಗೆಯ ಪೆಟ್ಟಿಗೆ ಇರುತ್ತಿತ್ತು ಎಂಬುದನ್ನು ಮರೆಯುತ್ತೇವೆ. ಆ ಇಳಿಜಾರು ಕಾಗದವನ್ನು ಕಣ್ಣಿನತ್ತ ಎತ್ತಿ ಕೊಡುತ್ತಿತ್ತು, ಕುತ್ತಿಗೆ ಅಷ್ಟಾಗಿ ಬಗ್ಗುತ್ತಿರಲಿಲ್ಲ. ಲ್ಯಾಪ್‌ಟಾಪಿನ ರಚನೆಯೇ ಬೇರೆ. ಅದರಲ್ಲಿ ಪರದೆ ಮತ್ತು ಕೀಲಿಮಣೆ ಅಂಟಿಕೊಂಡಿವೆ. ಕೈಗೆ ಸರಿಹೋದರೆ ಕಣ್ಣಿಗೆ ತಗ್ಗು, ಕಣ್ಣಿಗೆ ಸರಿಹೋದರೆ ಕೈಗೆ ಎತ್ತರ. ಮನುಷ್ಯನ ತಲೆ ನಾಲ್ಕೈದು ಕಿಲೋ ತೂಗುತ್ತದೆ, ಬಗ್ಗಿದಷ್ಟೂ ಆ ಭಾರ ಕುತ್ತಿಗೆಯ ಸ್ನಾಯುಗಳ ಮೇಲೆ ಹೆಚ್ಚುತ್ತದೆ. ಇದಕ್ಕೆ ಪರಿಹಾರ ಅಗ್ಗದ್ದು. ಬೇರೆ ಕೀಲಿಮಣೆ, ಮೌಸು ತಂದುಕೊಳ್ಳಿ. ಪರದೆಯ ಮೇಲಂಚು ಕಣ್ಣಿನ ಮಟ್ಟಕ್ಕೆ ಬರುವವರೆಗೆ ಲ್ಯಾಪ್‌ಟಾಪಿನ ಕೆಳಗೆ ಹಳೆಯ ಪುಸ್ತಕ ಪೇರಿಸಿ. ಒಂದು ತೋಳಿನಷ್ಟು ದೂರ ಇಡಿ.

ದುಬಾರಿ ಕುರ್ಚಿ ತಂದರೆ ಬೆನ್ನುನೋವು ಹೋಗುತ್ತದೆ ಎಂಬುದೂ ಅರ್ಧ ಸತ್ಯ. ಪೇಟೆಯ ಮೇಜು ಸಾಮಾನ್ಯವಾಗಿ 75 ಸೆಂಟಿಮೀಟರ್ ಎತ್ತರವಿರುತ್ತದೆ. ನಮ್ಮ ಅನೇಕ ಹೆಣ್ಣುಮಕ್ಕಳಿಗೆ ಅದು ಹೆಚ್ಚೇ. ಮೊಣಕೈ ಮೇಜಿನ ಮಟ್ಟಕ್ಕೆ ಬರಲೆಂದು ಕುರ್ಚಿ ಏರಿಸಿದರೆ ಕಾಲು ನೇತಾಡುತ್ತವೆ. ಊಟದ ಮಣೆಯನ್ನು ಪಾದದ ಕೆಳಗಿಟ್ಟರೆ ಅದು ಸರಿಹೋಗುತ್ತದೆ. ಕುರ್ಚಿ ಯಾವುದೇ ಇರಲಿ, ಅರ್ಧ ಗಂಟೆಗೊಮ್ಮೆ ಎದ್ದು ನಾಲ್ಕು ಹೆಜ್ಜೆ ಹಾಕದಿದ್ದರೆ ಬೆನ್ನು ಹಿಡಿಯುವುದು ತಪ್ಪದು.

ಇನ್ನು ದಿಕ್ಕಿನ ಮಾತು. ಪೂರ್ವಕ್ಕೆ ಮುಖ ಮಾಡಿ ಕೂತರೆ ಏಳಿಗೆ ಎಂದು ನಂಬುವವರ ನಂಬಿಕೆಯನ್ನು ನಾನು ಕೆಣಕುವುದಿಲ್ಲ. ಆದರೆ ಎದುರಿಗೇ ಪೂರ್ವದ ಕಿಟಕಿ ಇದ್ದರೆ ಬೆಳಿಗ್ಗೆ ಕಣ್ಣು ಕುಕ್ಕುತ್ತದೆ, ಬೆನ್ನ ಹಿಂದೆ ಪಶ್ಚಿಮದ ಕಿಟಕಿ ಇದ್ದರೆ ಸಂಜೆ ಪರದೆಯೇ ಕಾಣದು. ಕಿಟಕಿ ಪಕ್ಕಕ್ಕಿರಬೇಕು. ಪೂರ್ವಕ್ಕೆ ಮುಖ ಮಾಡಿದವರ ಎಡಕ್ಕೆ ಬರುವುದು ಉತ್ತರ. ಅಲ್ಲೊಂದು ಕಿಟಕಿ ಇದ್ದರೆ ನಂಬಿಕೆಯೂ ಉಳಿಯಿತು, ಬಲಗೈಯಲ್ಲಿ ಬರೆಯುವವರಿಗೆ ಕೈಯ ನೆರಳು ಅಕ್ಷರದ ಮೇಲೆ ಬೀಳುವುದೂ ತಪ್ಪಿತು. ಉತ್ತರದ ಕಿಟಕಿಗೆ ಬಿಸಿಲೇ ತಾಗದು ಎಂದು ಯುರೋಪಿನ ಪುಸ್ತಕಗಳು ಹೇಳುವುದು ನಮಗೆ ಹೊಂದುವುದಿಲ್ಲ. ಹಿರೇಕೆರೂರಿನಿಂದ ಸವಣೂರಿನವರೆಗೆ ನಾವಿರುವುದು ಸುಮಾರು 14.5ರಿಂದ 15 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಯಿಂದ ಆಗಸ್ಟ್ ನಡುವಿನವರೆಗೆ ಮಧ್ಯಾಹ್ನದ ಸೂರ್ಯ ನಮ್ಮ ನೆತ್ತಿಗಿಂತ ತುಸು ಉತ್ತರಕ್ಕೇ ಇರುತ್ತಾನೆ. ಮಧ್ಯಾಹ್ನದ ಬಿಸಿಲನ್ನು ಹಂಚಿನ ಸೂರು ತಡೆಯುತ್ತದೆ, ಬೆಳಗು ಸಂಜೆಯ ಓರೆ ಬಿಸಿಲಿಗೆ ತೆಳು ಪರದೆ ಬೇಕು.

ನನಗೆ ಹೆಚ್ಚು ಆತಂಕವಿರುವುದು ಕರೆಂಟಿನ ವಿಷಯದಲ್ಲಿ. ಲ್ಯಾಪ್‌ಟಾಪಿನ ಲೋಹದ ಮೈ ಮುಟ್ಟಿದರೆ ಜುಮ್ಮೆನ್ನುತ್ತದೆ, ಯಂತ್ರವೇ ಕೆಟ್ಟಿದೆ ಎನ್ನುತ್ತಾರೆ. ಬಹಳ ಸಲ ಕೊರತೆ ಇರುವುದು ಗೋಡೆಯೊಳಗೆ, ಹಳೆಯ ಮನೆಗೆ ಅರ್ಥಿಂಗ್ ಎಳೆದೇ ಇರುವುದಿಲ್ಲ. ಅರ್ಥಿಂಗ್ ಇಲ್ಲದ ಪ್ಲಗ್ಗಿಗೆ ಸ್ಪೈಕ್ ಗಾರ್ಡ್ ಸಿಕ್ಕಿಸಿದರೂ ಪೂರ್ಣ ರಕ್ಷಣೆ ಸಿಗದು. ಇನ್ವರ್ಟರ್ ಇದ್ದರೆ ಸಿಡಿಲಿನ ಭಯವಿಲ್ಲ ಎಂಬುದಂತೂ ಅಪಾಯದ ನಂಬಿಕೆ. ಹೆಸ್ಕಾಂ ಕರೆಂಟ್ ಇರುವಾಗ ಸಾಮಾನ್ಯ ಇನ್ವರ್ಟರ್ ಅದನ್ನೇ ಒಳಗೆ ಹಾಯಿಸುತ್ತದೆ. ಏಪ್ರಿಲ್-ಮೇ ತಿಂಗಳ ಅಡ್ಡಮಳೆಯಲ್ಲಿ ಗುಡುಗು ಕೇಳುವ ಮುಂಚೆಯೇ ಪ್ಲಗ್ ಕಿತ್ತಿಡಿ. ಮನೆ ಕಟ್ಟುವವರು ಟೈಲ್ಸಿಗೆ ಸುರಿಯುವ ದುಡ್ಡಿನಲ್ಲಿ ಒಂದಿಷ್ಟನ್ನು ಅರ್ಥಿಂಗ್ ಗುಂಡಿಗೆ ತೆಗೆದಿಡಬೇಕು.

ಕರೆಂಟ್ ಹೋದರೆ ಇಂಟರ್ನೆಟ್ಟೂ ಹೋಯಿತು ಎಂದು ಕೈಚೆಲ್ಲಬೇಕಿಲ್ಲ. ಮನೆಗೆ ಬರುವ ಫೈಬರ್ ಜಾಲಗಳಲ್ಲಿ ಹೆಚ್ಚಿನವಕ್ಕೆ ನಡುದಾರಿಯ ಸ್ಪ್ಲಿಟರುಗಳಲ್ಲಿ ವಿದ್ಯುತ್ತೇ ಬೇಡ. ಅತ್ತಲಿನ ಕೇಂದ್ರದಲ್ಲಿ ಬ್ಯಾಟರಿ ಇದ್ದು, ಇತ್ತ ನಿಮ್ಮ ರೌಟರಿಗೆ 12 ವೋಲ್ಟಿನ ಪುಟ್ಟ ಯುಪಿಎಸ್ ಇದ್ದರೆ ಮಾತು ಮುಂದುವರಿಯುತ್ತದೆ. ವಿಡಿಯೊ ಸಭೆಗೆ ಮೂರ್ನಾಲ್ಕು ಎಂಬಿಪಿಎಸ್ ಸಾಕು. ತೊಡಕಿರುವುದು ಗೋಡೆಯಲ್ಲಿ. ಹಳೆಯ ಮನೆಗಳ ದಪ್ಪ ಮಣ್ಣು-ಕಲ್ಲಿನ ಗೋಡೆಯನ್ನು 5 ಗಿಗಾಹರ್ಟ್ಸ್ ವೈಫೈ ದಾಟಲು ಒದ್ದಾಡುತ್ತದೆ, 2.4 ಗಿಗಾಹರ್ಟ್ಸ್ ಅದಕ್ಕಿಂತ ವಾಸಿ. ಇನ್ನೂ ದುಬಾರಿ ಪ್ಲಾನಿಗೆ ಹೋಗುವ ಮುಂಚೆ ರೌಟರನ್ನು ನೀವು ಕೂರುವ ಕೋಣೆಗೆ ತನ್ನಿ.

ಹಾನಗಲ್ಲಿನಂಥ ಅರೆಮಲೆನಾಡಿನಲ್ಲಿ ಕಾಗದಪತ್ರವನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಟ್ಟರೆ ಭದ್ರ ಎಂದುಕೊಳ್ಳುತ್ತಾರೆ. ಒಳಗೆ ಸಿಕ್ಕ ತೇವ ಹೊರಬರದೆ ಬೂಷ್ಟು ಹಿಡಿಯುತ್ತದೆ. ಹಳೆಯ ದಫ್ತರಗಳನ್ನು ಬಟ್ಟೆಯಲ್ಲಿ ಬಿಗಿದು ಕಟ್ಟುತ್ತಿದ್ದರು. ಬಟ್ಟೆ ಧೂಳು ತಡೆದು ಗಾಳಿಯಾಡಲು ಬಿಡುತ್ತದೆ. ಕಪಾಟನ್ನು ಗೋಡೆಗೆ ಒತ್ತದೆ ಗೇಣಗಲ ಬಿಟ್ಟು ನಿಲ್ಲಿಸಿದರೆ ಗೆದ್ದಲು ಹತ್ತುವ ಮಣ್ಣಿನ ಜಾಡು ಕಣ್ಣಿಗೆ ಬೀಳುತ್ತದೆ.

ಕೊನೆಯದಾಗಿ, ಮನೆ ವಿಳಾಸದಲ್ಲಿ ಉದ್ಯಮ ನೋಂದಣಿ ಆಗುವುದಿಲ್ಲ, ಆಗಬೇಕಾದರೆ ಏಜೆಂಟರಿಗೆ ಸಾವಿರಗಟ್ಟಲೆ ಕೊಡಬೇಕು ಎಂಬ ಮಾತು. ಹೊಲಿಗೆಯವರು, ವಿನ್ಯಾಸಗಾರರು, ತೆರಿಗೆ ಲೆಕ್ಕ ಬರೆಯುವವರು ಇದನ್ನು ನಂಬಿ ಹಿಂಜರಿಯುವುದು ನೋಡಿದರೆ ಸಂಕಟವಾಗುತ್ತದೆ. 2020ರ ಜುಲೈ 1ರಿಂದ ಜಾರಿಯಲ್ಲಿರುವ ಉದ್ಯಮ್ ನೋಂದಣಿ ಆಧಾರ್ ಆಧಾರಿತ, ಮನೆಯ ವಿಳಾಸವನ್ನೇ ಕೊಡಬಹುದು. ಸರ್ಕಾರ ಅದಕ್ಕೆ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲ.