ಅರ್ಧ ಸುತ್ತಿನ ಪ್ರಮಾದ
ಮುಂಬಯಿಯ ಬೀದಿಗಳಿಂದ 2023ರಲ್ಲಿ ಮರೆಯಾದ ಪದ್ಮಿನಿ ಟ್ಯಾಕ್ಸಿಯೊಂದರ ಹಳೆಯ ಸಂಗತಿಯಿದು. ಚಾಲಕ ಮಿತ್ರರು ಸಾಲಮಾಡಿ ಎಂಜಿನನ್ನು ಬಿಚ್ಚಿಸಿ ನವೀಕರಿಸಿದ್ದರು. ಮರುಜೋಡಿಸಿದಾಗ ಅದು ಚಾಲನೆಗೊಳ್ಳಲಿಲ್ಲ. ಕಾರ್ಬುರೇಟರಿನಲ್ಲಿ ಪಟಾಕಿಯಂತೆ ಸಿಡಿಯಿತು. ಮತ್ತೆ ಬಿಚ್ಚಬೇಕೆಂದರು ಗ್ಯಾರೇಜಿನವರು. ಮತ್ತೆ ಸಾಲವೆಂದೇ ಅರ್ಥ!

ನೆರೆಯ ವೃದ್ಧ ಮೆಕ್ಯಾನಿಕರು ಒಂದನೆಯ ಸಿಲಿಂಡರಿನ ಪ್ಲಗ್ ಕಳಚಿ, ರಂಧ್ರಕ್ಕೆ ಬೆರಳೊತ್ತಿ, ಎಂಜಿನನ್ನು ಮೆಲ್ಲನೆ ತಿರುಗಿಸಲು ಹೇಳಿದರು. ಪಿಸ್ಟನ್ನು ಒಂದು ಆವರ್ತದಲ್ಲಿ ಎರಡು ಬಾರಿ ತುದಿಗೇರುತ್ತದೆ. ಒತ್ತಿದ ಗಾಳಿ ಬೆರಳನ್ನು ನೂಕುವುದು ಒಮ್ಮೆ ಮಾತ್ರ. ಆ ವೇಳೆಗೆ ಒಂದನೆಯ ತಂತಿಯತ್ತ ಇರಬೇಕಾದ ಡಿಸ್ಟ್ರಿಬ್ಯೂಟರಿನ ರೋಟರು ನಾಲ್ಕನೆಯದರತ್ತ ಮುಖಮಾಡಿತ್ತು! ಅದನ್ನೆತ್ತಿ ಅರ್ಧ ಸುತ್ತು ತಿರುಗಿಸಿ ಕೂರಿಸಿದರು; ತಂತಿಗಳ 1-3-4-2 ಕ್ರಮವನ್ನೂ ಪರೀಕ್ಷಿಸಿದರು. ಎಂಜಿನು ತಕ್ಷಣ ಗುಡುಗಿತು.

ಕೂಲಿಯೆಂದು ವೃದ್ಧರು ಕೇಳಿದ್ದು ಪಕ್ಕದ ಉಡುಪಿ ಹೋಟೆಲಿನ ಒಂದು ಲೋಟ ಕಾಫಿ.